1929ರ ಕಂದು ಮುದ್ರೆಯ 20 ಡಾಲರ್ ನೋಟಿಗೆ ಎಷ್ಟು ಬೆಲೆ ಬರಬಹುದು?

ಓಹಾಯೋದಲ್ಲಿ ಕೊಂಡ ಹಳೆಯ ಮೇಜಿನೊಳಗೆ 1929ರ 20 ಡಾಲರ್ ನೋಟು ಸಿಕ್ಕಿದೆ, ಮೇಲ್ಭಾಗದಲ್ಲಿ ‘ನ್ಯಾಷನಲ್ ಕರೆನ್ಸಿ’ ಎಂದಿದೆ, ಖಜಾನೆಯ ಮುದ್ರೆ ಕಂದು ಬಣ್ಣದ್ದು ಎಂದಿದ್ದೀರಿ. ಅಷ್ಟಕ್ಕೇ ಹಿಗ್ಗಬೇಡಿ. ಈ ಲಕ್ಷಣಗಳು ಎರಡು ಬಗೆಯ ನೋಟುಗಳಿಗೆ ಹೊಂದುತ್ತವೆ.

ಮೊದಲು ನೋಟಿನ ನಡುವಿನ ಭಾವಚಿತ್ರದ ಎಡಕ್ಕಿರುವ ಬ್ಯಾಂಕಿನ ಹೆಸರು ಓದಿ. ‘ಫೆಡರಲ್ ರಿಸರ್ವ್ ಬ್ಯಾಂಕ್ ಆಫ್ ಕ್ಲೀವ್‌ಲ್ಯಾಂಡ್’ (ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಒಂದು ಪ್ರಾದೇಶಿಕ ಬ್ಯಾಂಕು) ಎಂದಿದ್ದು, ಜೊತೆಗೆ ದಪ್ಪ ಕಪ್ಪು ‘ಡಿ’ ಅಕ್ಷರವಿದ್ದರೆ ಅದು 1933ರ ಬ್ಯಾಂಕಿಂಗ್ ಬಿಕ್ಕಟ್ಟಿನಲ್ಲಿ ತರಾತುರಿಯಿಂದ ಹೊರಬಂದದ್ದು. ಎಷ್ಟು ತರಾತುರಿಯೆಂದರೆ, ಬೇರೆ ಬ್ಯಾಂಕುಗಳಿಗೆಂದು ಸಿದ್ಧವಿದ್ದ ವಿನ್ಯಾಸವನ್ನೇ ಬಳಸಿ, ‘ಪ್ರೆಸಿಡೆಂಟ್’ (ಬ್ಯಾಂಕಿನ ಅಧ್ಯಕ್ಷ) ಎಂಬ ಪದದ ಮೇಲೆ ಕಪ್ಪು ಪಟ್ಟಿ ಎಳೆದುಬಿಟ್ಟರು! ಇಂಥವು ಬಹಳಷ್ಟು ಉಳಿದಿವೆ. ಸವೆದಿದ್ದರೆ ಮುಖಬೆಲೆಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸಿಗದು.

ಅಕ್ಷರದ ಬದಲು ಯಾವುದೋ ಊರಿನ ಬ್ಯಾಂಕಿನ ಹೆಸರು, ಕಪ್ಪು ಶಾಯಿಯ ಒಂದು ಸಂಖ್ಯೆ ಇದ್ದರೆ ಅದು ನಿಜವಾದ ನ್ಯಾಷನಲ್ ಬ್ಯಾಂಕ್ ನೋಟು. 1863ರಿಂದ 1935ರವರೆಗೆ ಅಮೆರಿಕದ ಕೇಂದ್ರ ಸರ್ಕಾರದ ಪರವಾನಗಿ (ಚಾರ್ಟರ್) ಪಡೆದ ಬ್ಯಾಂಕುಗಳು ಸರ್ಕಾರಿ ಬಾಂಡುಗಳನ್ನು ಖಜಾನೆಯಲ್ಲಿ ಠೇವಣಿಯಿಟ್ಟು ತಮ್ಮ ಹೆಸರಿನಲ್ಲೇ ನೋಟು ಹೊರಡಿಸುತ್ತಿದ್ದವು. ಆ ಸಂಖ್ಯೆಯೇ ಬ್ಯಾಂಕಿನ ಚಾರ್ಟರ್ ಸಂಖ್ಯೆ. ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಎಂಬ ಹೆಸರು ಊರೂರಿಗೂ ಇದ್ದುದರಿಂದ ಗುರುತಿಗೆ ಇದನ್ನೇ ನಂಬಬೇಕು. ಅದೇ ಸಂಖ್ಯೆ ಕ್ರಮಸಂಖ್ಯೆಯ ಪಕ್ಕದಲ್ಲಿ ಕಂದು ಬಣ್ಣದಲ್ಲೂ ಇದ್ದರೆ ಅದು ‘ಟೈಪ್ 2’, ಅಂದರೆ ನ್ಯಾಷನಲ್ ಬ್ಯಾಂಕ್ ನೋಟುಗಳಲ್ಲೇ 1933ರಿಂದ ಬಂದ ಎರಡನೇ ಬಗೆ. ಸಾಮಾನ್ಯವಾಗಿ ಇವು ಕಡಿಮೆ ಸಿಗುತ್ತವೆ.

ಬೆಲೆಯನ್ನು ತೀರ್ಮಾನಿಸುವುದು ವಯಸ್ಸಲ್ಲ, ಆ ಬ್ಯಾಂಕಿನ ಎಷ್ಟು ನೋಟುಗಳು ಉಳಿದಿವೆ ಎಂಬುದು. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಆಫ್ ಅಮೆರಿಕದ್ದು (ಚಾರ್ಟರ್ 13044) ಹೇರಳವಾಗಿ ಸಿಗುತ್ತದೆ. ಅದೇ ವರ್ಷದ, ಅದೇ ಮೊತ್ತದ ನೋಟು ಯಾವುದೋ ಸಣ್ಣ ಊರಿನದಾಗಿದ್ದು, ಬೆರಳೆಣಿಕೆಯಷ್ಟೇ ಉಳಿದಿದ್ದರೆ ಸಾವಿರಾರು ಡಾಲರಿಗೂ ಹೋದೀತು. ಅಲಾಸ್ಕಾದ್ದಾದರೆ ಹರಾಜಿನಲ್ಲಿ ಪೈಪೋಟಿಯೇ ನಡೆಯುತ್ತದೆ.

ದಯವಿಟ್ಟು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಪಳಗಿದ ಕಣ್ಣಿಗೆ ಇವೆಲ್ಲ ತಕ್ಷಣ ಗೊತ್ತಾಗುತ್ತವೆ, ಬೆಲೆ ಕುಸಿಯುತ್ತದೆ. ಮಾರಾಟದ ಜಾಲತಾಣಗಳಲ್ಲಿ ಜನ ಕೇಳುವ ಬೆಲೆಗೆ ಮರುಳಾಗದೆ, ಅದೇ ಚಾರ್ಟರ್ ಸಂಖ್ಯೆಯ ನೋಟು ಹಿಂದೆ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ನೋಡಿ. ವ್ಯಾಪಾರಿ ಅದಕ್ಕಿಂತ ಕಡಿಮೆಯನ್ನೇ ಕೊಡುತ್ತಾನೆ, ಅವನ ಹೊಟ್ಟೆಪಾಡೂ ನಡೆಯಬೇಕಲ್ಲ. ನಿಮ್ಮ ನೋಟಿನಲ್ಲಿ ಊರು, ಸಂಖ್ಯೆ ಎರಡೂ ಇದ್ದರೆ ಇಲ್ಲಿ ಬರೆಯಿರಿ, ಅಂದಾಜು ಬೆಲೆ ಹೇಳುತ್ತೇನೆ.