ಸಿನಿಮಾ ಊಟದ ಪತ್ರಿಕೆಗೆ ವರ್ಷ ತುಂಬಿದ ದಿನ ಅಡುಗೆಮನೆಯಲ್ಲಿ ಯಾರಿರಬೇಕು?

ನೀವು ಕೇಳಿದ್ದು ಇಷ್ಟು: ಸಿನಿಮಾಗಳಲ್ಲಿ ಬರುವ ಊಟ-ತಿಂಡಿ ಬಗ್ಗೆ ಗೆಳೆಯರೆಲ್ಲ ಸೇರಿ ತಿಂಗಳಿಗೊಂದು ಚಿಕ್ಕ ಪತ್ರಿಕೆ ಹೊರಡಿಸುತ್ತಿದ್ದೀರಿ, ಇನ್ನೇನು ವರ್ಷ ತುಂಬುತ್ತೆ, ಬರೆದ 12 ಸಿನಿಮಾಗಳಿಂದ ಒಂದೊಂದು ಅಡುಗೆ ಮಾಡಿ ಓದುಗರನ್ನು ಕರೆದು ಬಡಿಸಬೇಕು ಅಂತಿದ್ದೀರಿ. ಯಾರಾದರೂ ಹೀಗೆ ಮಾಡಿದ್ದೀರಾ, ಹೇಗಾಯಿತು?

ಹಾಸನದಲ್ಲಿ ನಾನು ಎರಡು ಸಲ ಮಾಡಿದ್ದೇನೆ. ಒಂದು ಸಲ ಕೆಟ್ಟಿತು, ಒಂದು ಸಲ ಕೈಗೂಡಿತು. 12 ಅಡುಗೆ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನ ಮಾತಲ್ಲ. ಅಷ್ಟು ಬಗೆ ಆಗಬೇಕಾದರೆ ಬೆಳಗಿನ ಜಾವದಿಂದ ಯಾರೋ ಒಲೆ ಮುಂದೆ ನಿಂತಿರಬೇಕು. ನಿಮ್ಮ ವಾರ್ಷಿಕೋತ್ಸವ ಅವರ ಕಣ್ಣಿಗೆ ಬೀಳೋದೇ ಇಲ್ಲ.

ನಮ್ಮ ಪತ್ರಿಕೆ ಅಂದರೆ ಒಂದೇ ಹಾಳೆ. ಎರಡೂ ಬದಿ ಟೈಪ್ ಮಾಡಿಸಿ, ಜೆರಾಕ್ಸ್ ಹೊಡೆಸಿ, ಮೂರು ಮಡಿಕೆ ಮಾಡಿ ಅಂಚೆಗೆ ಹಾಕೋದು. ಊರೊಳಗಿನವರಿಗೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬರೋದು. ಒಟ್ಟು 70 ಜನ ಓದುಗರು. ಮೊದಲ ಸಂಚಿಕೆ 1957ರ ‘ಮಾಯಾಬಜಾರ್’ ಬಗ್ಗೆ. ಎಸ್.ವಿ. ರಂಗರಾವ್ ಘಟೋತ್ಕಚನಾಗಿ ಮದುವೆಮನೆ ಭಕ್ಷ್ಯಗಳ ನಡುವೆ ಕೂತಿರೋದು, ಲಾಡುಗಳು ತಾವಾಗಿಯೇ ಎದ್ದು ಬಾಯಿಗೆ ಹೋಗೋದು, ಆ ಚಳಕವನ್ನು ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾದಲ್ಲಿ ಹಿಡಿದ ಬಗೆ. ಹಾಳೆ ಪೂರ್ತಿ ತಿನ್ನುವವನ ವಿಚಾರವೇ. ಮದುವೆ ಅಡುಗೆ ಮಾಡುವವರ ಕಡೆ ಆಗ ನನ್ನ ಗಮನವೇ ಹೋಗಿರಲಿಲ್ಲ.

ಮೂರನೇ ತಿಂಗಳಲ್ಲಿ, ಸಕಲೇಶಪುರದ ಕಡೆ ನಡೆಯುವ ಶೂಟಿಂಗ್‌ಗಳಿಗೆ ಅಡುಗೆ ಮಾಡಿಕೊಡುತ್ತಿದ್ದ ಒಬ್ಬರು ಸಿಕ್ಕಿದರು. ಊಟದ ಸೀನ್ ಇದ್ದ ದಿನ ಅವರಿಗೆ ಎರಡರಷ್ಟು ಕೆಲಸವಂತೆ. ಹೀರೋ ಮುದ್ದೆ ಮುರಿದು ಸಾರಿಗೆ ಅದ್ದುವ ಒಂದು ಶಾಟ್ ಅಂದುಕೊಳ್ಳಿ. ಟೇಕ್ ಸರಿ ಬರಲಿಲ್ಲ ಅಂದರೆ ಮುರಿದ ಮುದ್ದೆ ಎತ್ತಿ, ಅಷ್ಟೇ ಗಾತ್ರದ ಇಡೀ ಮುದ್ದೆ ತಟ್ಟೆಗೆ ಬರಬೇಕು. ಸಾರು ಮೊದಲು ಎಲ್ಲಿತ್ತೋ ಅಲ್ಲಿಗೇ ನಿಲ್ಲಬೇಕು, ಸೊಪ್ಪಿನ ಎಸಳು ಕೂಡ ಅದೇ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಕಂಟಿನ್ಯುಟಿ ತಪ್ಪಿತು. ಪ್ರತಿ ತುತ್ತೂ ನುಂಗುತ್ತಾ ಹೋದರೆ ಹತ್ತನೇ ಟೇಕ್ ಹೊತ್ತಿಗೆ ನಟನ ಹೊಟ್ಟೆ ಬಿರಿಯುತ್ತೆ, ಅದಕ್ಕೇ ‘ಕಟ್’ ಅಂದ ತಕ್ಷಣ ಪಕ್ಕದ ಬಕೆಟ್‌ಗೆ ಉಗಿದುಬಿಡೋದು. “ಅವತ್ತು ನಾನು ಕಟ್ಟಿದ ಮುದ್ದೇಲಿ ಒಂದು ಪಂಕ್ತಿ ಎದ್ದೋಗ್ತಿತ್ತು ಸಾರ್” ಅಂದರು. ಆ ಸಿನಿಮಾ ನೋಡಿದ್ರಾ ಅಂತ ಕೇಳಿದೆ. ಬಿಡುಗಡೆ ಆದಾಗ ಬೇರೆ ಯಾವುದೋ ಸೆಟ್‌ನಲ್ಲಿ ಅಡುಗೆಗೆ ಹೋಗಿದ್ದರಂತೆ, ನೋಡೋಕೆ ಆಗಿಲ್ಲ.

ಅವರ ಮಾತು ಸಂಚಿಕೆಯಲ್ಲಿ ಹಾಕಿದೆ. ಆದರೆ ತಲೆಗೆ ಇಳಿದಿರಲಿಲ್ಲ ಅನ್ನೋದು ಆರನೇ ತಿಂಗಳಿಗೆ ಗೊತ್ತಾಯಿತು.

ಅರ್ಧ ವರ್ಷ ಆಯಿತಲ್ಲ ಅಂತ ನಮ್ಮ ಮನೆ ಮಹಡಿಯ ಹಾಲ್‌ನಲ್ಲಿ ಓದುಗರನ್ನು ಸೇರಿಸಿದೆವು. 25 ಜನ ಬಂದರು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ಡೆನ್ಮಾರ್ಕಿನ ‘ಬಬೆಟ್ಸ್ ಫೀಸ್ಟ್’ ಹಾಕಿದೆವು. ಗೇಬ್ರಿಯಲ್ ಆಕ್ಸೆಲ್ 1987ರಲ್ಲಿ ಮಾಡಿದ್ದು, ವಿದೇಶಿ ಭಾಷೆಯ ಚಿತ್ರಕ್ಕೆ ಕೊಡುವ ಆಸ್ಕರ್ ಬಂದಿದೆ. ಪ್ಯಾರಿಸ್ಸಿನ ಹೆಸರುವಾಸಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವಳಾಗಿದ್ದ ಬಬೆಟ್ ಎಲ್ಲವನ್ನೂ ಕಳೆದುಕೊಂಡು, ದೂರದ ಕಡಲ ತೀರದ ಹಳ್ಳಿಯಲ್ಲಿ ವಯಸ್ಸಾದ ಅಕ್ಕತಂಗಿಯರ ಮನೆ ಕೆಲಸಕ್ಕೆ ಸೇರಿರುತ್ತಾಳೆ. ಲಾಟರಿಯಲ್ಲಿ ಬಂದ 10,000 ಫ್ರಾಂಕನ್ನು 12 ಜನರ ಒಂದೇ ಒಂದು ರಾತ್ರಿಯ ಊಟಕ್ಕೆ ಸುರಿಯುತ್ತಾಳೆ. ಆ ಹಳ್ಳಿಯವರೋ ದೈವಭಕ್ತರು, ಊಟದ ರುಚಿ ಬಗ್ಗೆ ತುಟಿ ಬಿಚ್ಚಬಾರದು ಅಂತ ಮೊದಲೇ ಮಾತಾಡಿಕೊಂಡು ಬಂದಿರುತ್ತಾರೆ. ಅವರು ಉಂಡು ಏಳುವವರೆಗೂ ಬಬೆಟ್ ಅಡುಗೆಮನೆ ಬಿಟ್ಟು ಆಚೆ ಬರೋದಿಲ್ಲ.

ಮಹಡಿಯಲ್ಲಿ ಈ ಸಿನಿಮಾ ನಡೆಯುವಾಗ ಹೆಚ್ಚುಕಮ್ಮಿ ಪೂರ್ತಿ ಹೊತ್ತು ಅಮ್ಮ, ನನ್ನ ಹೆಂಡತಿ, ಅತ್ತಿಗೆ ಮೂವರೂ ಕೆಳಗೆ ಅಡುಗೆಮನೆಯಲ್ಲಿದ್ದರು. ಐದು ಸಿನಿಮಾದಿಂದ ಐದು ಬಗೆ ಅಂತ ಪಟ್ಟಿ ಬರೆದುಕೊಟ್ಟವನು ನಾನೇ. ಸಿನಿಮಾ ಮುಗಿದು ಎಲ್ಲರೂ ಎಲೆ ಮುಂದೆ ಕೂತಾಗ ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು: “ಕೊನೆಗೆ ಆ ಅಡುಗೆಯವಳನ್ನ ಯಾರಾದ್ರೂ ಮಾತಾಡ್ಸಿದ್ರಾ?” ಶುರುವಿನ ಹತ್ತು ನಿಮಿಷ ನೋಡಿ ಕೆಳಗಿಳಿದು ಹೋಗಿದ್ದಳು ಅವಳು. ಬಂದವರು ಚೆನ್ನಾಗಿ ಉಂಡರು, ಫೋಟೋ ತೆಗೆದುಕೊಂಡರು, ಸಿನಿಮಾ ಬಗ್ಗೆ ಮಾತೇ ಏಳಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಅನ್ನ ಇಳಿಯಗೊಡಲಿಲ್ಲ.

ಇದಾದ ಮೇಲಿನ ಒಂದು ಸಂಗತಿ ಹೇಳಲೇಬೇಕು, ಪತ್ರಿಕೆಯ ದಾರಿ ಬದಲಾಗಿದ್ದೇ ಅಲ್ಲಿಂದ.

ಜನವರಿಯಲ್ಲಿ ಎಂಟನೇ ಸಂಚಿಕೆಗೆ ಅಂತ ಬೆಲ್ಜಿಯಂನ ‘ಜಾನ್ ಡೀಲ್ಮನ್’ ನೋಡುತ್ತಿದ್ದೆ. ಶಾಂತಾಲ್ ಅಕರ್‌ಮನ್ ಅನ್ನುವ ಹೆಣ್ಣುಮಗಳು 1975ರಲ್ಲಿ, ತನ್ನ 25ರ ಆಸುಪಾಸಿನ ವಯಸ್ಸಿನಲ್ಲಿ ಮಾಡಿದ್ದು. ಮೂರು ಗಂಟೆ ದಾಟುವ ಸಿನಿಮಾ. ಒಬ್ಬ ವಿಧವೆಯ ಮೂರು ದಿನದ ಬದುಕು: ಹಾಸಿಗೆ ಮಡಿಸೋದು, ಪಾತ್ರೆ ತೊಳೆಯೋದು, ಆಲೂಗೆಡ್ಡೆ ಸುಲಿಯೋದು, ಮಗನಿಗೆ ಬಡಿಸೋದು. ಕ್ಯಾಮೆರಾ ಅಲ್ಲಾಡೋದಿಲ್ಲ, ಅವಸರವೂ ಮಾಡೋದಿಲ್ಲ. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಸಿನಿಮಾ ಯಾವುದು ಅಂತ ವಿಮರ್ಶಕರಿಂದ ಮತ ಹಾಕಿಸಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಇದೇ.

ಅಮ್ಮ ಪಕ್ಕದಲ್ಲೇ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಅಮ್ಮನ ತವರು ಅರಕಲಗೂಡು ತಾಲ್ಲೂಕು, ಆಲೂಗೆಡ್ಡೆ ಬೆಳೆಯುವವರ ಮನೆ. ಮುಂಗಾರು ಮೊದಲ ಹದ ಮಳೆಗೆ ಬಿತ್ತನೆ, ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರಬೇಕು, ಮೋಡ ಮುಚ್ಚಿಕೊಂಡು ಅಂಗಮಾರಿ ಬಂತು ಅಂದರೆ ನೋಡನೋಡುತ್ತಾ ಹೊಲ ಕಪ್ಪು. ಇದೆಲ್ಲ ಕಂಡು ಬೆಳೆದವರು. ಫ್ರೆಂಚ್ ಮಾತು ಅರ್ಥವಾಗೋದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರೋದಿಲ್ಲ. ಪರದೆ ಮೇಲೆ ಆಕೆ ಆಲೂಗೆಡ್ಡೆ ಸುಲಿಯುತ್ತಿದ್ದಾಗ ಅಮ್ಮನ ಕೈ ಒಂದು ಸಲ ನಿಂತಿತು, ನೋಡಿದರು, ಮತ್ತೆ ಅವರೆಕಾಳಿಗೆ ಕೈ ಹಾಕಿದರು.

ಎರಡನೇ ದಿನದ ಭಾಗ ಬಂತು. ಆಲೂಗೆಡ್ಡೆ ಒಲೆ ಮೇಲೆ ಹೆಚ್ಚು ಹೊತ್ತು ಉಳಿದು ಹಾಳಾಗುತ್ತೆ. ಆಕೆ ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಬೇಕು ಅಂತ ತೋಚದೆ ಮನೆಯೊಳಗೆ ಓಡಾಡುತ್ತಾಳೆ. ಅಷ್ಟೇ ನಡೆಯೋದು. ನಾನು ಒಬ್ಬನೇ ನೋಡಿದ್ದರೆ ಅದನ್ನೊಂದು ಚಿಕ್ಕ ವಿಷಯ ಅಂತ ದಾಟಿಬಿಡುತ್ತಿದ್ದೆ. ಅಮ್ಮ ಮೊರ ಪಕ್ಕಕ್ಕೆ ಸರಿಸಿ ಅಂದರು: “ಏನೋ ಆಗೈತೆ ಕಣಪ್ಪ ಅವ್ಳಿಗೆ. ಗೆಡ್ಡೆ ಬೇಯಿಸಿ ಹಾಳು ಮಾಡೋ ಹೆಂಗ್ಸಲ್ಲ ಅದು.”

ಆ ಸಿನಿಮಾ ಬಗ್ಗೆ ದೊಡ್ಡವರು ಪುಟಗಟ್ಟಲೆ ಬರೆದಿದ್ದಾರೆ. ಎಲ್ಲರೂ ಬೆರಳಿಡುವುದು ಇದೇ ಜಾಗಕ್ಕೆ: ಅವಳ ದಿನದ ಕಟ್ಟು ಸಡಿಲವಾಗೋದು ಈ ಆಲೂಗೆಡ್ಡೆಯಿಂದ, ಮೂರನೇ ದಿನ ಆಗಬಾರದ್ದು ಆಗೋದಕ್ಕೆ ಇದೇ ಮುನ್ಸೂಚನೆ. ಒಂದು ಅಕ್ಷರ ಓದದೆ ಅಮ್ಮ ಅದನ್ನು ಹಿಡಿದುಬಿಟ್ಟರು. 50 ವರ್ಷ ದಿನಾ ಎರಡು ಹೊತ್ತು ಒಲೆ ಹಚ್ಚಿದವರಿಗೆ ಅಡುಗೆಮನೆಯ ಸಿನಿಮಾ ನೋಡೋಕೆ ಯಾರ ವಿವರಣೆಯೂ ಬೇಕಿಲ್ಲ. ಅಂಥವರನ್ನೇ ನಾನು ಆರನೇ ತಿಂಗಳ ಕೂಟದಲ್ಲಿ ಕೆಳಗೆ ಕಳಿಸಿ, ಮೇಲೆ ಕೂತು ಊಟದ ಸಿನಿಮಾ ಬಗ್ಗೆ ಭಾಷಣ ಮಾಡಿದ್ದೆ.

ಎಂಟನೇ ಸಂಚಿಕೆಯ ಮೊದಲ ಸಾಲು ಅಮ್ಮನ ಆ ಮಾತು. ಅದಕ್ಕೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿರಲಿಲ್ಲ, ಬಹುಪಾಲು ಹೆಂಗಸರದ್ದು. ಒಬ್ಬರು 2021ರ ಮಲಯಾಳಂ ಸಿನಿಮಾ ‘ದಿ ಗ್ರೇಟ್ ಇಂಡಿಯನ್ ಕಿಚನ್’ನಲ್ಲಿ ಸೋರುವ ಸಿಂಕಿನ ಬಗ್ಗೆ ಎರಡು ಪುಟ ಬರೆದಿದ್ದರು. ತಮ್ಮ ಮನೆಯ ಸಿಂಕೂ ಹಾಗೇ ಸೋರುತ್ತಿತ್ತಂತೆ, ಕೆಳಗೆ ಬಕೆಟ್ ಇಟ್ಟು ಎಷ್ಟು ಮಳೆಗಾಲ ಕಳೆದರು ಅನ್ನೋದರ ಲೆಕ್ಕವೂ ಅದರಲ್ಲಿತ್ತು.

ಈಗ ವರ್ಷ ತುಂಬಿದ ದಿನಕ್ಕೆ ಬರುತ್ತೇನೆ. ನಾವು ಆರಿಸಿದ್ದು ‘ಸಂಸ್ಕಾರ’. 1970ರ ಚಿತ್ರ, ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಚಿತ್ರೀಕರಣ ಆದದ್ದು ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೇ, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. “ಶುಭದಿನಕ್ಕೆ ಹೆಣದ ಸಿನಿಮಾನಾ?” ಅಂತ ಇಬ್ಬರು ಗೆಳೆಯರು ಮುಖ ಸಿಂಡರಿಸಿದರು. ನಾನು ಬಿಡಲಿಲ್ಲ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಮಾಡುವವರು ಯಾರು ಅಂತ ತೀರ್ಮಾನವಾಗದೆ ಹೆಣ ಎತ್ತುವ ಹಾಗಿಲ್ಲ, ಹೆಣ ಎತ್ತದೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಧರ್ಮದ ಜಿಜ್ಞಾಸೆ ಒಂದು ಕಡೆ, ಹೊಟ್ಟೆ ಚುರುಗುಟ್ಟೋದು ಇನ್ನೊಂದು ಕಡೆ. ಊಟ ಇಲ್ಲದಿರುವುದನ್ನು ಇಷ್ಟು ಗಟ್ಟಿಯಾಗಿ ತೋರಿಸಿದ ಕನ್ನಡ ಸಿನಿಮಾ ನನಗೆ ಬೇರೆ ಕಂಡಿಲ್ಲ. ನಮ್ಮ ಬೀದಿಯಲ್ಲೂ ಸಾವಾದ ಮನೆಯಲ್ಲಿ ಒಲೆ ಹಚ್ಚೋದಿಲ್ಲ, ಅಕ್ಕಪಕ್ಕದವರು ಕಾಫಿ, ಅನ್ನ ತಂದುಕೊಡುತ್ತಾರೆ. ನೋಡುವವರಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆ ಸಿನಿಮಾ ಹಾಕಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸಿನಿಮಾ ಮುಗಿಯುವವರೆಗೆ ನಮ್ಮ ಮನೆಯಲ್ಲೂ ಒಲೆ ಹಚ್ಚಬಾರದು ಅಂತ ನಿಯಮ ಮಾಡಿದೆವು. ಕಾಫಿ ಕೂಡ ಇಲ್ಲ. ಅಮ್ಮ, ಹೆಂಡತಿ, ಅತ್ತಿಗೆಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಶೂಟಿಂಗ್ ಅಡುಗೆಯವರನ್ನೂ ಕರೆದಿದ್ದೆ, ಬಂದರು. ಜೂನ್ ತಿಂಗಳು, ಮಳೆ ಜೋರಿತ್ತು, ನಡುವೆ 20 ನಿಮಿಷ ಕರೆಂಟು ಹೋಯಿತು. ಕತ್ತಲಲ್ಲಿ ಕೂತೇ ಇದ್ದೆವು, ಒಬ್ಬರೂ ಎದ್ದು ಹೋಗಲಿಲ್ಲ.

ಆಮೇಲೆ ಒತ್ತು ಶ್ಯಾವಿಗೆ. ಅದೊಂದೇ. ನಾನು ನೋಡಿದ ಯಾವ ಸಿನಿಮಾದಲ್ಲೂ ಅದು ಬಂದಿಲ್ಲ, ಆದರೂ ಅದನ್ನೇ ಆರಿಸಿದ್ದು ಒಬ್ಬರ ಕೈಲಿ ಆಗದ ಅಡುಗೆ ಅನ್ನುವ ಕಾರಣಕ್ಕೆ. ಅಕ್ಕಿ ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ನಾನು ಮತ್ತು ಅಣ್ಣ ನುಣ್ಣಗೆ ರುಬ್ಬಿಟ್ಟಿದ್ದೆವು. ಹಿಟ್ಟನ್ನು ಒಲೆ ಮೇಲಿಟ್ಟು ಮುದ್ದೆಯಾಗುವವರೆಗೆ ತಿರುವೋದು, ಕೈಗೆ ಎಣ್ಣೆ ಸವರಿ ಉಂಡೆ ಕಟ್ಟೋದು, ಉಂಡೆ ಹಬೆಯಲ್ಲಿ ಬೇಯಿಸೋದು, ಬಿಸಿ ಆರುವ ಮುಂಚೆ ಮೂರು ಕಾಲಿನ ಒರಳಿಗೆ ಹಾಕಿ ಒತ್ತೋದು. ಆರಿತೋ, ಒರಳು ತಿರುಗೋದಿಲ್ಲ. ಒಬ್ಬರು ಒರಳಿನ ಕಾಲು ಅದುಮಿ ಹಿಡಿಯಬೇಕು, ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಇಳಿಯುವ ಎಳೆಗೆ ತಟ್ಟೆ ಹಿಡಿದು ಸುತ್ತಿಸಿಕೊಳ್ಳಬೇಕು. ಬ್ಯಾಂಕಿನವರು, ಮೇಷ್ಟ್ರು, ಕಾಲೇಜು ಹುಡುಗರು ಎಲ್ಲರೂ ಸರದಿಯಲ್ಲಿ ಒತ್ತಿದರು. ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಬಿದ್ದಾಗ ಬಂದ ಘಮಕ್ಕೆ ಹಸಿದು ಕೂತಿದ್ದ ಅಷ್ಟೂ ಜನ ತಿರುಗಿ ನೋಡಿದರು. ಮೊದಲ ತಟ್ಟೆ ಅಮ್ಮನಿಗೆ ಹೋಯಿತು. ಶೂಟಿಂಗ್ ಅಡುಗೆಯವರು ಎದ್ದು ಸಹಾಯಕ್ಕೆ ಬಂದರೆ ಅಮ್ಮನೇ ಕೈ ಹಿಡಿದು ಕೂರಿಸಿದರು.

ಉಣ್ಣುತ್ತಾ ರಾತ್ರಿ ಹತ್ತೂವರೆವರೆಗೆ ಸಿನಿಮಾ ಬಗ್ಗೆಯೇ ಮಾತು.

ನಿಮಗೆ ಉಪಯೋಗವಾಗುವ ಒಂದೆರಡು ಮಾತು: ಎರಡು ಗಂಟೆ ಮೀರದ ಸಿನಿಮಾ ಆರಿಸಿ, ಹಸಿದವರನ್ನು ಅದಕ್ಕಿಂತ ಹೆಚ್ಚು ಕೂರಿಸಬೇಡಿ. ಶುಗರ್ ಇದ್ದವರಿಗೆ ಮೊದಲೇ ಏನಾದರೂ ಕೊಟ್ಟಿರಿ. ದೊಡ್ಡ ಹಾಲ್‌ನಲ್ಲಿ ಎಲ್ಲರಿಗೂ ತೋರಿಸುವುದಾದರೆ ಸಿನಿಮಾದ ಹಕ್ಕು ಇರುವವರ ಅನುಮತಿ ತೆಗೆದುಕೊಳ್ಳಬೇಕು. ಪಾತ್ರೆ ತೊಳೆಯೋದು ಯಾರು ಅಂತ ಕರೆಯೋಲೆಯಲ್ಲೇ ಹೆಸರು ಸಮೇತ ಬರೆಯಿರಿ, ನಾವು ಹಾಗೇ ಮಾಡಿದ್ದೆವು.

ನೀವು ಯಾವ ಊರು ಅಂತ ಬರೆದಿಲ್ಲ. ಹಾಸನದ ಸುತ್ತಮುತ್ತ ಆದರೆ ನಮ್ಮ ಮನೆಯ ಶ್ಯಾವಿಗೆ ಒರಳು ಒಯ್ಯಬಹುದು. ಕಬ್ಬಿಣದ್ದು, ಭಾರ ಇದೆ, ಇಬ್ಬರು ಬನ್ನಿ.