ಕಾರು ತಗ್ಗಿಸುವ ಮೊದಲು ತೂಕ ಹಾಕಿಸಿ

ಪ್ರಶ್ನೆ: ಸರ್, ನನ್ನದು 2013ರ ಪೆಟ್ರೋಲ್ ಸ್ವಿಫ್ಟ್. ಮನೆ ಕುಮಟಾ, ಕೆಲಸ ಶಿರಸಿ. ವಾರಕ್ಕೆ ಐದು ದಿನ ದೇವಿಮನೆ ಘಾಟಿ ಹತ್ತಿ ಇಳಿಯುತ್ತೇನೆ. ಕಾರನ್ನು 60 ಮಿ.ಮೀ. ತಗ್ಗಿಸುವ ಆಸೆ. ಒಂದು ಕಾಯಿಲೋವರ್ ಸೆಟ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್) ನೋಡಿಟ್ಟಿದ್ದೇನೆ, ಮುಂದೆ 6 ಕೆಜಿ, ಹಿಂದೆ 4 ಕೆಜಿ ಸ್ಪ್ರಿಂಗ್. ದಿನದ ಓಡಾಟಕ್ಕೆ ಆಗುತ್ತಾ? ಭಾನುವಾರ ಮನೆಯವರೆಲ್ಲ ಸೇರಿ ಐದು ಜನ ಹೋಗುವುದೂ ಇದೆ. ವೇ ಬ್ರಿಡ್ಜ್‌ನಲ್ಲಿ ತೂಕ ಹಾಕಿಸಿದೆ. ನಾನು ಕೂತಾಗ ಮುಂದಿನ ಎರಡು ಚಕ್ರಕ್ಕೆ 620 ಕೆಜಿ, ಹಿಂದಿನ ಎರಡಕ್ಕೆ 410.
— ಓದುಗರು, ಕುಮಟಾ

ಉತ್ತರ: ತೂಕ ಹಾಕಿಸಿ ಪತ್ರ ಬರೆದಿರಲ್ಲ ಮಾರಾಯ್ರೆ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಬೇರೆಯವರೆಲ್ಲ ಬಂಪರ್ ಫೋಟೋ ಕಳಿಸಿ 'ಎಷ್ಟು ಇಳಿಸಲಿ' ಅಂತ ಕೇಳುತ್ತಾರೆ.

60 ಮಿ.ಮೀ. ಬೇಡ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಅದರಲ್ಲಿ 60 ಕಳೆದರೆ 110. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅದನ್ನೇನೋ ನಿಧಾನಕ್ಕೆ ಹತ್ತಿ ಇಳಿಯಬಹುದು. ಆದರೆ ನಮ್ಮ ಕಡೆ ಹಂಪ್ ಕಟ್ಟುವವರು ಟೇಪ್ ಹಿಡಿದು ಕಟ್ಟುತ್ತಾರಾ? ಅರ್ಧ ಮೀಟರ್ ಅಗಲಕ್ಕೇ ಆ 10 ಸೆಂ.ಮೀ. ಎತ್ತರ ಸುರಿದು ಹೋಗಿರುತ್ತಾರೆ. ಐದು ಜನ ಕೂತ ಕಾರಿನ ಹೊಟ್ಟೆ ಅದರ ಮೇಲೆ ಕೂರುತ್ತದೆ.

ಆದರೆ ನಿಜವಾದ ತೊಂದರೆ ಹೊಟ್ಟೆ ತಾಗುವುದಲ್ಲ, ಒಳಗೆ ಚಕ್ರಕ್ಕೆ ಮೇಲೇಳಲು ಜಾಗ ಇಲ್ಲದಿರುವುದು. ಕಾರು ನಿಂತಾಗ ಚಕ್ರ ಇನ್ನೂ 80 ಮಿ.ಮೀ. ಎದ್ದರೆ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ ಅಂತಿಟ್ಟುಕೊಳ್ಳಿ. ಮಾಮೂಲಿ ಶಾಕ್ ಹಾಗೇ ಇಟ್ಟು ಗಿಡ್ಡ ಸ್ಪ್ರಿಂಗ್ ಹಾಕಿ 40 ತಗ್ಗಿಸಿದರೆ ಉಳಿಯುವುದು ಅರ್ಧ. ಅದೇ ಹೊಂಡದ ಅದೇ ಏಟನ್ನು ಅರ್ಧ ಜಾಗದಲ್ಲಿ ತಡೆಯಬೇಕು ಅಂದರೆ ಸ್ಪ್ರಿಂಗ್ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಗಟ್ಟಿ ಬೇಕಾಗುತ್ತದೆ, ಯಾಕೆಂದರೆ ಸ್ಪ್ರಿಂಗ್ ನುಂಗುವ ಶಕ್ತಿ ಅದು ಒತ್ತಿಕೊಂಡ ದೂರದ ವರ್ಗದಷ್ಟು. ಅಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಕುಮಟಾದಿಂದ ಹೊರಟವರಿಗೆ ಶಿರಸಿ ಮುಟ್ಟುವಷ್ಟರಲ್ಲಿ ಸೊಂಟ ಇರುವುದಿಲ್ಲ.

ನಾನೂ ಒಂದು ಕಾಲಕ್ಕೆ 55 ತಗ್ಗಿಸಿದ್ದೆ. ಆಷಾಢದಲ್ಲಿ ಅರಬೈಲ್ ಘಾಟಿ ಇಳಿಯುವಾಗ ನೀರು ತುಂಬಿದ ಹೊಂಡ ಸಪಾಟು ರಸ್ತೆ ಹಾಗೆ ಕಂಡಿತು. ಮೊದಲು ರಬ್ಬರ್ ಬಡಿದ ಸದ್ದು, ಹಿಂದೆಯೇ ಎಂಜಿನ್ ಅಡಿಯ ಆಯಿಲ್ ಚೇಂಬರ್ ಕಲ್ಲಿಗೆ ತಾಗಿದ ಸದ್ದು. ಅಂಕೋಲೆ ತನಕ ಮೀಟರಿನಲ್ಲಿರುವ ಆಯಿಲ್ ಎಚ್ಚರಿಕೆಯ ದೀಪ ನೋಡುತ್ತಲೇ ಬಂದೆ.

ಈಗ ನಿಮ್ಮ ಸ್ಪ್ರಿಂಗ್. ಮುಂದೆ ಒಂದು ಚಕ್ರಕ್ಕೆ 310 ಕೆಜಿ. ಚಕ್ರ, ಬ್ರೇಕ್ ಇತ್ಯಾದಿ ಸ್ಪ್ರಿಂಗ್ ಮೇಲೆ ಕೂರುವುದಿಲ್ಲ, ಅದಕ್ಕೆ ಅಂದಾಜು 30 ಕಳೆಯಿರಿ, 280. ಹಿಂದೆ 205ರಲ್ಲಿ 25 ಕಳೆದು 180. ಸ್ಪ್ರಿಂಗ್ ಕೆಜಿಯನ್ನು (ಅಂದರೆ 1 ಮಿ.ಮೀ. ಒತ್ತಲು ಬೇಕಾದ ಕೆಜಿ) ಈ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 15.8ರಿಂದ ಗುಣಿಸಿ. ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು ಸಿಗುತ್ತದೆ. ಕಂಪನಿಯಿಂದ ಬರುವ ಮನೆ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಒಳಗೆ.

ನೀವು ನೋಡಿಟ್ಟ 6 ಕೆಜಿ ಮುಂದೆ 2.3 ಕೊಡುತ್ತದೆ. ಅದು ಟ್ರ್ಯಾಕ್‌ನಲ್ಲಿ ಓಡಿಸುವವರ ಲೆಕ್ಕ. ಹಿಂದೆ ಇನ್ನೊಂದು ಸೂಕ್ಷ್ಮ ಇದೆ. ಸ್ಪ್ರಿಂಗ್ ಚಕ್ರದ ಪಕ್ಕಕ್ಕಿಲ್ಲ, ಒಳಗೆ, ಎರಡು ಹಿಂಚಕ್ರ ಜೋಡಿಸುವ ಬೀಮ್ ಮೇಲೆ ಕೂತಿದೆ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 8 ಒತ್ತಿದರೆ ಅನುಪಾತ 0.8, ಅದರ ವರ್ಗ 0.64. ನಿಮ್ಮ 4 ಕೆಜಿ ಚಕ್ರದ ಹತ್ತಿರ 2.56 ಕೆಜಿಯಷ್ಟೇ, ಕುಣಿತ 1.9. (0.8 ಉದಾಹರಣೆಗೆ ಹೇಳಿದ್ದು. ಜ್ಯಾಕ್ ಹಾಕಿ ನೀವೇ ಅಳೆದುಕೊಳ್ಳಿ.) ಅಂದರೆ ಮುಂದೆ ಬೇಗ, ಹಿಂದೆ ನಿಧಾನ. ಇದು ತಿರುಗುಮುರುಗು. ಮುಂದಿನ ಚಕ್ರ ಮೊದಲು ಹಂಪ್ ಹತ್ತುತ್ತದೆ, ಹಿಂದಿನದು ಆಮೇಲೆ, ಹಾಗಾಗಿ ಹಿಂದಿನದು ಸ್ವಲ್ಪ ಬೇಗ ಕುಣಿದು ಮುಂದಿನದರ ಜೊತೆ ಸೇರಿಕೊಂಡರೆ ಮಾತ್ರ ಕಾರು ತಲೆದೂಗುವುದು ನಿಲ್ಲುತ್ತದೆ.

ನನ್ನ ಕೈಗೆ ಬಿಟ್ಟರೆ ಮುಂದೆ 3 ಕೆಜಿ, ಹಿಂದೆ 3.5. ಮುಂದೆ 1.6, ಹಿಂದೆ 1.75 ಬರುತ್ತದೆ. ಗಟ್ಟಿ ಅನ್ನಿಸುತ್ತದೆ, ಹಿಂಸೆ ಆಗುವುದಿಲ್ಲ. ಹಿಂದೆ ಒಂದೊಂದು ಚಕ್ರಕ್ಕೆ 80 ಕೆಜಿ ಜಾಸ್ತಿಯಾದರೆ ಕಾರು ಇನ್ನೂ 36 ಮಿ.ಮೀ. ಕೂರುತ್ತದೆ, ಇದನ್ನು ಮರೆಯಬೇಡಿ. ಅದಕ್ಕೇ ತಗ್ಗಿಸುವುದು 25, ಹೆಚ್ಚೆಂದರೆ 30.

ಎತ್ತರವನ್ನು ನೆಲದಿಂದ ಬಂಪರಿಗೆ ಅಳೆಯಬೇಡಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ಆಮೇಲೆ ಶಾಕ್‌ನ ಧೂಳಿನ ರಬ್ಬರ್ ಎತ್ತಿ, ರಾಡಿಗೆ ಒಂದು ಸಣ್ಣ ಕೇಬಲ್ ಟೈ ಬಿಗಿದು, ಕೆಳಗಿನ ಸೀಲ್ ತನಕ ತಳ್ಳಿ ಬಿಡಿ. ಐದು ಜನ ಕೂತು ಒಂದು ಸಲ ಘಾಟಿ ಹತ್ತಿ ಇಳಿದು ಬನ್ನಿ. ಟೈ ಎಲ್ಲಿಗೆ ಹೋಗಿ ನಿಂತಿದೆಯೋ ಶಾಕ್ ಅಷ್ಟು ಒತ್ತಿದೆ ಅಂತ ಲೆಕ್ಕ. ಬಂಪ್ ಸ್ಟಾಪ್ ರಬ್ಬರಿನ ಬುಡಕ್ಕೇ ಅಂಟಿಕೊಂಡಿದ್ದರೆ ಕಾರನ್ನು 10 ಮಿ.ಮೀ. ಮೇಲಕ್ಕೆ ಎತ್ತಿ.

ಸೆಟ್ ಕೊಳ್ಳುವಾಗ ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಿಸುವಂಥದ್ದು ತಗೊಳ್ಳಿ, ಆಗ ತಗ್ಗಿಸಿದರೂ ಶಾಕ್‌ನ ಓಟ ಕಡಿಮೆಯಾಗುವುದಿಲ್ಲ. ಕಾಲರ್ (ಸ್ಪ್ರಿಂಗ್ ಕೂರುವ, ತಿರುಗಿಸುವ ಬಳೆ) ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಅಂಗಡಿಯವರು ಹೇಳಿದರೆ ಸುಮ್ನೆ ತಲೆ ಆಡಿಸಿ. ಸಾಮಾನ್ಯ ಸ್ಪ್ರಿಂಗ್‌ಗೆ ಹಾಗೇನೂ ಆಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ, ಇಲ್ಲವಾದರೆ ಟೈರಿನ ಒಳ ಅಂಚು ಸವೆದು ತಂತಿ ಕಂಡಾಗಲೇ ಗೊತ್ತಾಗುವುದು. ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ನೋಡಿ, ಚಕ್ರದ ಕಡೆ ತುದಿ ಮೇಲಕ್ಕೆದ್ದಿದ್ದರೆ ಜಾಸ್ತಿ ತಗ್ಗಿಸಿದ್ದೀರಿ. ಆಗ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುವ ಬದಲು ಹೆಚ್ಚಲೂಬಹುದು.

ಪ್ರಶ್ನೆ: ಇದೆಲ್ಲ ಖರ್ಚು ಯಾಕೆ, ಇರುವ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಸಾಕು ಅನ್ನುತ್ತಾರೆ ನಮ್ಮ ಗ್ಯಾರೇಜಿನವರು. ನಿಜವಾ?
— ಓದುಗರು, ಕಾರವಾರ

ಉತ್ತರ: ಕಾರು ತಗ್ಗುತ್ತದೆ, ಸುಳ್ಳಲ್ಲ. ಸ್ಪ್ರಿಂಗೂ ಗಟ್ಟಿಯಾಗುತ್ತದೆ. ಕೆಲಸ ಮಾಡುವ 6 ಸುತ್ತಿನಲ್ಲಿ 1 ಹೋದರೆ 20 ಶೇಕಡಾ ಗಟ್ಟಿ. ಆದರೆ ತುದಿ ಸರಿಯಾಗಿ ಕೂರುವುದಿಲ್ಲ. ಜ್ಯಾಕ್ ಹಾಕಿದಾಗಲೋ ಹೊಂಡದಲ್ಲಿ ಚಕ್ರ ಜೋತಾಗಲೋ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುತ್ತದೆ. ಹಳೇ ಶಾಕ್ ಬೇರೆ. ಸ್ಪ್ರಿಂಗ್ ಒಂದೂವರೆ ಪಟ್ಟು ಗಟ್ಟಿಯಾದರೆ ಶಾಕ್‌ನ ಹಿಡಿತ ಸುಮಾರು 22 ಶೇಕಡಾ ಹೆಚ್ಚಬೇಕು, ಹತ್ತು ವರ್ಷದ ಶಾಕ್‌ನಲ್ಲಿ ಇದ್ದ ಹಿಡಿತವೇ ಹೋಗಿರುತ್ತದೆ. ಗ್ಯಾಸ್ ಬೆಂಕಿ ಹಿಡಿದು ಸ್ಪ್ರಿಂಗ್ ಕುಗ್ಗಿಸುತ್ತೇವೆ ಅಂದರೆ ಕೀ ಇಸ್ಕೊಂಡು ಬಂದುಬಿಡಿ. ಉಕ್ಕಿನ ಹದ ಹೋಗುತ್ತದೆ.

ಪ್ರಶ್ನೆ: ತಗ್ಗಿಸಿದ ಕಾರಿಗೆ ಕಾನೂನಿನ ತೊಂದರೆ ಇದೆಯಾ?
— ಓದುಗರು, ಹೊನ್ನಾವರ

ಉತ್ತರ: ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಆರ್‌ಟಿಓ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿ, ಗುದ್ದಿದ ಮೇಲಲ್ಲ.

ಪ್ರಶ್ನೆ: ಕಾಯಿಲೋವರ್ ಹಾಕಿಸಿ ಎರಡೇ ವರ್ಷ, ಕಾಲರ್ ತುಕ್ಕು ಹಿಡಿದು ತಿರುಗುತ್ತಲೇ ಇಲ್ಲ. ಏನು ಮಾಡಲಿ?
— ಓದುಗರು, ಅಂಕೋಲಾ

ಉತ್ತರ: ಸಮುದ್ರದ ಗಾಳಿ. ತಂತಿ ಬ್ರಷ್‌ನಲ್ಲಿ ಥ್ರೆಡ್ಡಿನ (ತಿರುಪಿನ ಗೆರೆಯ) ಮಣ್ಣು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಜ್ಯಾಕ್ ಹಾಕಿ, ಸ್ಪ್ರಿಂಗಿನ ಭಾರ ಇಳಿಸಿಯೇ ತಿರುಗಿಸಿ. ಭಾರ ಇದ್ದಾಗ ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಹಾಳಾಗುತ್ತದೆ. ಬಿಟ್ಟುಕೊಂಡ ಮೇಲೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ ಮೇಲೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ನನ್ನ ಕಾರಿಗೆ ಈಗಲೂ ಅದೇ ಇದೆ.