ಮಂಡ್ಯ ಎಷ್ಟೇ ಹಸಿರಾಗಿದ್ರೂ ಬಯಲುಸೀಮೆನೇ ಕಣ್ರೀ

ಪ್ರಶ್ನೆ: ಮಗಳ ಸಮಾಜ ಪುಸ್ತಕದಲ್ಲಿ ಮಂಡ್ಯನ ದಕ್ಷಿಣದ ಬಯಲುಸೀಮೆಗೆ ಸೇರ್ಸವ್ರೆ. ಕಣ್ಣಾಡ್ಸಿದ್ ಕಡೆಯೆಲ್ಲ ಭತ್ತ, ಕಬ್ಬು, ತೆಂಗು. ಇದ್ಯಾವ್ ಸೀಮೆ ಬಯಲುಸೀಮೆ ಸ್ವಾಮಿ? (ಮದ್ದೂರಿನ ಓದುಗರು)

ಉತ್ತರ: ಪುಸ್ತಕ ಸರಿಯಾಗೇ ಇದೆ. ನೀವು ನೋಡ್ತಿರೋದು ನಾಲೆ ಹಸಿರು, ಮಳೆ ಹಸಿರಲ್ಲ. ಕರಾವಳಿ, ಮಲೆನಾಡು, ಬಯಲುಸೀಮೆ ಅಂತ ಭಾಗ ಮಾಡೋವಾಗ ನೋಡೋದು ನೆಲ ಹೆಂಗಿದೆ, ಎಷ್ಟೆತ್ತರದಲ್ಲಿದೆ, ಮಳೆ ಎಷ್ಟು ಅಂತ, ಗದ್ದೇಲಿ ಏನ್ ನಾಟಿ ಹಾಕವ್ರೆ ಅಂತಲ್ಲ. ಆಗುಂಬೇಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿಯುತ್ತೆ, ಮಡಿಕೇರೀಲಿ 3,000 ದಾಟುತ್ತೆ, ನಮ್ ಮಂಡ್ಯದಲ್ಲಿ 700ರ ಆಸುಪಾಸು ಅಷ್ಟೆ. ಇಷ್ಟು ಮಳೇಲಿ ರಾಗಿ, ಹುರುಳಿ, ಅವರೆ, ಎಳ್ಳು ಬೆಳೀಬೋದೇ ಹೊರ್ತು ಕಬ್ಬು ಬೆಳೆಯಕ್ಕಾಗಲ್ಲ, ನಮ್ ತಾತಂದಿರು ಬೆಳೀತಿದ್ದದ್ದೂ ಅದನ್ನೇ.

ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಯ ನಾಲೆ ಥರದ ಹಳೇ ನಾಲೆಗಳು ಮೊದ್ಲೇ ಇದ್ವು, ಆದ್ರೆ ಅವು ಹೊಳೆ ಪಕ್ಕದ ಪಟ್ಟಿಗೆ ಮಾತ್ರ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಮೊದಲಲ್ಲಿ ಮುಗಿದು, ಹುಲಿಕೆರೆ ಹತ್ರ ಗುಡ್ಡ ಕೊರೆದು ಸುರಂಗದಲ್ಲಿ ವಿಶ್ವೇಶ್ವರಯ್ಯ ನಾಲೆ ಹಾಯ್ಸಿದ್ಮೇಲೇನೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಖುಷ್ಕಿ ಹೊಲಗಳು ಗದ್ದೆ ಆಗಿದ್ದು. ಹಿಂದೇನೇ 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮೈಸೂರಿಂದ ಬೇರೆಯಾಗಿ ಮಂಡ್ಯನೇ ಒಂದು ಜಿಲ್ಲೆ ಆಯ್ತು. ನಂಬಿಕೆ ಬರ್ಲಿಲ್ಲ ಅಂದ್ರೆ ಒಂದ್ಸಲ ನಾಗಮಂಗಲದ ಕಡೆ ಬೈಕ್ ತಗೊಂಡು ಹೋಗ್ಬನ್ನಿ, ಅದೂ ಏಪ್ರಿಲ್‌ನಲ್ಲಿ. ನಾಲೆ ನೀರು ತಲುಪ್ದೇ ಇರೋ ಕಡೆ ಕೆಂಪು ಮಣ್ಣು, ಕಲ್ಲು ಬಂಡೆ, ಜಾಲಿ, ಬತ್ತಿದ ಕೆರೆ, ಅದೇ ನಿಜವಾದ ಮಂಡ್ಯದ ನೆಲ. ಒಂದೇ ಜಿಲ್ಲೇಲಿ ನಾಲೆ ಊರಿನೋರು ಬೇರೆ, ಮಳೆ ನೆಚ್ಚಿದ ಊರಿನೋರು ಬೇರೆ ಅನ್ನೋ ಹಾಗೆ ಬದುಕು ನಡೆದಿರೋದು ಇದಕ್ಕೇನೇ, ಹೆಣ್ಣು ಕೊಡೋವಾಗ ಕೂಡ ‘ನಾಲೆ ಕೆಳಗೆ ಎಷ್ಟು ಗದ್ದೆ ಐತೆ’ ಅಂತ ಕೇಳಿರ್ತೀರಲ್ಲ.

ಪ್ರಶ್ನೆ: ಜುಲೈನಲ್ಲಿ ಕಟ್ಟೆ ತುಂಬ್ತಾ ಇರುತ್ತೆ, ಟೀವೀಲಿ ಅದೇ ಸುದ್ದಿ, ನಮ್ಮೂರಲ್ಲಿ ಮಾತ್ರ ಬರೀ ಮೋಡ, ಗಾಳಿ. ಮಳೆ ಎಲ್ಲೋಗುತ್ತೆ? (ಪಾಂಡವಪುರದಿಂದ)

ಉತ್ತರ: ಕೊಡಗಲ್ಲೇ ಖಾಲಿಯಾಗುತ್ತೆ. ಅರಬ್ಬಿ ಸಮುದ್ರದಿಂದ ಬರೋ ಮೋಡ ಪಶ್ಚಿಮ ಘಟ್ಟಕ್ಕೆ ಅಡ್ಡ ಸಿಕ್ಕಿ ಮೇಲೇರುತ್ತೆ, ಏರ್ತಾ ಏರ್ತಾ ತಣ್ಣಗಾಗಿ ಅಲ್ಲೇ ಸುರ್ದುಬಿಡುತ್ತೆ, ಈ ಕಡೆ ಇಳಿಯೋ ಗಾಳಿ ಬಿಸಿಯಾಗ್ತಾ ಒಣಗುತ್ತೆ. ಹಂಗಾಗಿ ಪುನರ್ವಸು, ಪುಷ್ಯ ಮಳೆ ಭಾಗಮಂಡಲದಲ್ಲಿ ಭೋರ್ಗರೆದ್ರೆ ನಮಗೆ ತುಂತುರು. ನಮ್ ಮಳೆ ಎರಡು ಕಂತು. ಒಂದು ಏಪ್ರಿಲ್-ಮೇನಲ್ಲಿ ಗುಡುಗು ಮಿಂಚಿನ ಜೊತೆ ಬರೋದು, ಭರಣಿ ಮಳೆ ಹುಯ್ದ್ರೆ ಧರಣಿ ಎಲ್ಲ ಬೆಳೆ ಅಂತಾರಲ್ಲ ಅದು. ಇನ್ನೊಂದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತೆ, ಚಿತ್ತೆ. ದಸರಾ ಮೆರವಣಿಗೆ ದಿನ ಮೈಸೂರಲ್ಲಿ ಛತ್ರಿ ಹಿಡ್ಕೊಂಡು ಓಡಾಡೋದು ಇದರಿಂದ್ಲೇ. ಅಂದ್ರೆ ಮಲೆನಾಡಲ್ಲಿ ಮಳೆ ಕೈಕೊಟ್ರೆ ನಾಲೆ ರೈತ ಮುಳುಗ್ತಾನೆ, ಇಲ್ಲಿ ಮಳೆ ಕೈಕೊಟ್ರೆ ಖುಷ್ಕಿ ರೈತ. ಇಬ್ರೂ ಬೇರೆ ಬೇರೆ ಆಕಾಶ ನೋಡ್ಬೇಕು.

ಪ್ರಶ್ನೆ: ಚಾಮುಂಡಿ ಬೆಟ್ಟ, ಮೇಲುಕೋಟೆ, ಕುಂತಿ ಬೆಟ್ಟ ಎಲ್ಲ ಇರೋವಾಗ ನಾವೂ ಮಲೆನಾಡೇ ಅಲ್ವಾ? (ಮೈಸೂರು, ಕುವೆಂಪುನಗರ)

ಉತ್ತರ: ಅಲ್ಲ. ಅವು ಒಂಟಿ ಬೆಟ್ಟಗಳು, ಸುತ್ತಲಿನ ನೆಲ ಸವೆದು ಹೋದ್ಮೇಲೂ ಗಟ್ಟಿ ಕಲ್ಲು ಅಂತ ಉಳ್ಕೊಂಡಿದ್ದು. ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ 1,000 ಮೀಟರ್ ದಾಟುತ್ತೆ ನಿಜ, ಆದ್ರೆ ಮೈಸೂರೇ 750 ಮೀಟರ್ ಮೇಲಿದೆಯಲ್ಲ.

ಪ್ರಶ್ನೆ: ಸಕಲೇಶಪುರದ ಕಡೆ ಮನೆಗಳು ದೂರ ದೂರ, ನಮ್ಮೂರಲ್ಲಿ ಗೋಡೆಗೆ ಗೋಡೆ ಅಂಟ್ಕೊಂಡಿವೆ, ಯಾಕೆ? (ಹುಣಸೂರಿನ ಓದುಗರು)

ಉತ್ತರ: ಮುಖ್ಯವಾಗಿ ನೀರು. ಮಲೆನಾಡಲ್ಲಿ ಪ್ರತಿ ಕಣಿವೇಲೂ ಹಳ್ಳ, ಒರತೆ ಇರುತ್ತೆ, ಹಾಗಾಗಿ ಅವರವರ ತೋಟ ಗದ್ದೆ ಪಕ್ಕದಲ್ಲೇ ಅವರವರ ಮನೆ. ಬಯಲುಸೀಮೇಲಿ ನೀರು ಅಂದ್ರೆ ಒಂದು ಕೆರೆ, ಒಂದೆರಡು ಬಾವಿ, ಎಲ್ರೂ ಅಲ್ಲೇ ಸೇರ್ಬೇಕು, ಹೊಲ ಊರಾಚೆ. ಹಿಂದೆ ದಂಡು, ಕಳ್ಳಕಾಕರ ಭಯಾನೂ ಇತ್ತು. ಅಂದ್ಹಾಗೆ ನಿಮ್ ಹುಣಸೂರು, ಪಿರಿಯಾಪಟ್ಟಣ ಇದೆಯಲ್ಲ, ಅದು ಎರಡರ ಅಂಚು, ಪೂರ್ವಕ್ಕೆ ಹೊಗೆಸೊಪ್ಪು ರಾಗಿ ಹೊಲ, ಪಶ್ಚಿಮಕ್ಕೆ ನಾಗರಹೊಳೆ ಕಾಡು. ಎಚ್.ಡಿ. ಕೋಟೇನೂ ಅಷ್ಟೆ, ಜೇನುಕುರುಬರ ಹಾಡಿಗಳಿರೋ ಕಡೆ ಹೋದ್ರೆ ನಕ್ಷೇಲಿ ಎಳೆದ ಗೆರೆ ಎಲ್ಲಿ ಬರುತ್ತೆ ಅಂತ ಯಾರೂ ತೋರ್ಸೋಕಾಗಲ್ಲ.